ಅತ್ತೆಯ ಹೊಟ್ಟೆ ಜ್ವರಕ್ಕೆ ಕೂತಾಗ

“ಏಟು ಬಿದ್ದಿದ್ದು ತಲೆಗೆ ಕಣಪ್ಪ, ಹೊಟ್ಟೆ ಯಾಕೆ ಅಮುಕ್ತೀಯ?” ಎಂದು ನನ್ನತ್ತೆ ಶಿಡ್ಲಘಟ್ಟದ ಎಳೆಯ ಡಾಕ್ಟರನ್ನು ಗದರಿಸಿದರು. ರೇಷ್ಮೆಹುಳು ಮನೆಯ ಗಿಡ್ಡ ಬಾಗಿಲಿಗೆ ತಲೆ ಬಡಿಸಿಕೊಂಡಾಗಿನಿಂದ ಹುಳು ಸೊಪ್ಪು ಮೇಯುವ ಸದ್ದೂ ಅವರ ಕಿವಿಗೆ ಚುಚ್ಚುತ್ತಿತ್ತು, ಹೊಟ್ಟೆಯೂ ಕೆಟ್ಟಿತ್ತು. ಆದರೂ ಮಲಗಲೊಲ್ಲರು.

“ಹೊಟ್ಟೇಲಿ ಒಳ್ಳೇ ಸೂಕ್ಷ್ಮಜೀವಿಗಳಿರ್ತವೆ ಅಮ್ಮ. ತಲೆಗೆ ಏಟಾದ್ರೆ ಅವೂ ಏರುಪೇರಾಗಬಹುದು. ಸುಮ್ಮನೆ ಮಲಗಿ,” ಎಂದರು ಡಾಕ್ಟರು.

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಆಗ ಹುಳುವಿನ ತಟ್ಟೆ ಮುಟ್ಟುವಂತಿಲ್ಲ. ಅತ್ತೆ ಮನೆಗೆ ಬಂದವರೇ ಚಾಪೆ ಹಾಸಿದರು. “ಒಳಗಿರೋವು ಜ್ವರಕ್ಕೆ ಕೂತವೆ, ಯಾರೂ ನನ್ನ ಅಲ್ಲಾಡಿಸಬೇಡ್ರಿ!”

ತನಗಾಗಿ ಎಂದೂ ಹಗಲು ಮಲಗದ ಜೀವ, ಕಾಣದ ಜೀವಿಗಳಿಗಾಗಿ ವಾರವಿಡೀ ಮಲಗಿತು. ಈಗ ನಾನು ದಣಿದು “ಜ್ವರಕ್ಕೆ ಕೂತಿದೀನಿ ಅತ್ತೆ” ಎಂದರೆ ಸಾಕು, ಮುದ್ದೆ ತಿರುವಲು ಅವರೇ ಏಳುತ್ತಾರೆ.