ಎರಡನೆಯ ಕೂಗಿಗೊಂದು ಕಾರಣ

ತುಂಬಾ ಎಂಬ ಮೀನುಗಾರರ ಊರಿನ ಕಡಲ ದಂಡೆಯಲ್ಲಿ ಇನ್ನೂ ನಸುಕು. ದೋಣಿ ನೂಕುವವರ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ಸುಮಿತ್ರ ನಿಂತಿದ್ದಾರೆ. ಅವರದು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಸಾಫ್ಟ್‌ವೇರ್ ಕೆಲಸ. ಕೋಡಿನ ನಡುನಡುವೆ, ಮುಂದೆ ಅದನ್ನು ತಿದ್ದುವವರಿಗೆಂದು ಬರೆದಿಡುವ ವಿವರಣೆಯ ಸಾಲುಗಳಿರುತ್ತವೆ. ಯಂತ್ರಕ್ಕೆ ಅವು ಬೇಡ, ಮನುಷ್ಯರಿಗೆ ಬೇಕು. ಆ ಸಾಲುಗಳು ಅರ್ಥವಾಗುವಂತಿವೆಯೇ ಎಂದು ನೋಡಿ ತಿದ್ದುವುದು ಸುಮಿತ್ರರ ಪಾಲಿಗೆ ಬಂದ ಕೆಲಸ.

ಇಲ್ಲಿಗೆ ಬಂದದ್ದೂ ಅಂಥದೊಂದು ಸಾಲಿಗಾಗಿಯೇ. ಅವರ ಕಚೇರಿಯ ಆ್ಯಪ್, ಕಡಲು ಉಕ್ಕುವ ಮುನ್ನೆಚ್ಚರಿಕೆಯನ್ನು ಮೀನುಗಾರರ ಫೋನಿನಲ್ಲಿ ಕೂಗಿ ಹೇಳುತ್ತದೆ. ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೊಮ್ಮೆ ಕೂಗುತ್ತದೆ. ಹೊಸದಾಗಿ ಸೇರಿದ ಉಡುಪಿ ಕಡೆಯ ಅಲ್ವಿನ್, ಎರಡನೆಯದು ಯಾರದೋ ಕೈತಪ್ಪೆಂದು ತಿಳಿದು ಅಳಿಸಿದ್ದಾರೆ. ಪಕ್ಕದ ವಿವರಣೆ ‘ಎರಡು ಸಲ ಕಳಿಸು’ ಎಂದಷ್ಟೇ. ಬರೆದವರು ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಾರೆ. ಪರಿಶೀಲನೆಗೆ ಕೂತವರೆಲ್ಲ ಸರಿಯೆಂದಾಗ ತಡೆದದ್ದು ಸುಮಿತ್ರ ಒಬ್ಬರೇ. “ಎರಡು ಸಲ ಅಂತ ಕೋಡೇ ಹೇಳ್ತದೆ. ಯಾಕೆ ಅಂತ ಯಾರೂ ಬರೆದಿಲ್ಲವಲ್ಲ.” ಇಂದು ಸಂಜೆಯೊಳಗೆ ಕಾರಣ ಸಿಗದಿದ್ದರೆ ಅಲ್ವಿನ್ ಮಾಡಿದ ಬದಲಾವಣೆ ಜಾರಿಗೆ ಬಂದು ಎರಡನೆಯ ಕೂಗು ನಿಂತುಹೋಗುತ್ತದೆ. ಅದಕ್ಕೇ ಅಲ್ವಿನ್ ಅವರನ್ನೂ ಕರೆದುಕೊಂಡು ದಂಡೆಗೆ ಬಂದಿದ್ದಾರೆ.

ಸುಮಿತ್ರರ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮೊದಲು ಅವರೂ ಕೋಡನ್ನೇ ಬರೆಯುತ್ತಿದ್ದವರು. ಬಡ್ತಿ ಸಿಗುವುದು ಕೋಡ್ ಬರೆಯುವವರಿಗೆ. ಇವರು ಬಂದರೆ ‘ಟೀಚರ್ ಬಂದ್ರು’ ಎಂದು ಕಚೇರಿಯವರು ಛೇಡಿಸುವುದುಂಟು. ಅದಕ್ಕೆ ಕಾರಣವೂ ಇದೆ. ಕೋಡ್ ಬರೆದವರನ್ನು ಕಂಪ್ಯೂಟರಿನ ಪರದೆಗೆ ಬೆನ್ನು ಹಾಕಿ ಕೂರಿಸಿ, ವಿಷಯವನ್ನು ಬಾಯಲ್ಲಿ ಹೇಳಿಸುತ್ತಾರೆ. ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. “ಬರೀಲಿಕ್ಕೆ ಕೂತರೆ ಎಲ್ಲರಿಗೂ ದೊಡ್ಡ ದೊಡ್ಡ ಶಬ್ದ ಬರ್ತದೆ. ಚಾ ಕುಡಿಯುವಾಗ ಸರಿಯಾಗಿಯೇ ಹೇಳ್ತಾರೆ,” ಎನ್ನುತ್ತಾರೆ.

ದಂಡೆಯವರೆಲ್ಲ ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುವ ದೋಣಿಯ ಯಜಮಾನ ಜೋಸೆಫ್ ತಮ್ಮ ಫೋನನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತಾರೆ. ಸುಮಿತ್ರ ಮಲಯಾಳದಲ್ಲಿ ವಿಚಾರಿಸಿ, ಉತ್ತರವನ್ನು ಅಲ್ವಿನ್ ಅವರಿಗೆ ಕನ್ನಡದಲ್ಲಿ ಹೇಳುತ್ತಾರೆ. ಅಲೆ ಒಡೆಯುವ ಜಾಗ ದಾಟುವವರೆಗೆ ಫೋನು ಡಬ್ಬಿಯಲ್ಲೇ ಇರಬೇಕಂತೆ. ಆ ಗದ್ದಲದಲ್ಲಿ ಅದು ಒಳಗೆ ಎಷ್ಟು ಕೂಗಿದರೂ ಕೇಳುವುದಿಲ್ಲ. ದಾಟಿದ ಮೇಲೆ ಹೊರತೆಗೆದು ಕೊರಳಿಗೆ ತೂಗುಹಾಕಿಕೊಳ್ಳುತ್ತಾರೆ. ಒದ್ದೆ ಕೈಯಲ್ಲಿ ಹಳೆಯ ಸಂದೇಶ ತೆರೆದು ನೋಡುವವರು ಯಾರು, ಮತ್ತೆ ಕೂಗಿದರಷ್ಟೇ ತಿಳಿಯುವುದು ಎಂದು ಅವರು ನಗುತ್ತಾರೆ. ಎರಡನೆಯ ಕೂಗು ಬೇಕೆಂದು ಆ್ಯಪ್ ಮಾಡಲು ಬಂದಿದ್ದವರನ್ನು ಕೇಳಿಕೊಂಡದ್ದೂ ದಂಡೆಯವರೇ. ಆ ಎರಡನೆಯ ಕೂಗು ಕೇಳಿ ಒಮ್ಮೆ ಜೋಸೆಫ್ ದೋಣಿಯನ್ನು ದಂಡೆಗೆ ತಿರುಗಿಸಿದ್ದಾರೆ ಕೂಡ.

ಅಲ್ವಿನ್ ಚೀಲದಿಂದ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಅದನ್ನು ಸುಮಿತ್ರರ ಕೈಗೆ ಕೊಟ್ಟು, ತಾವಾಗಿಯೇ ಕಡಲ ಕಡೆಗೆ ತಿರುಗಿ ಕೂರುತ್ತಾರೆ. “ಸಂದೇಶ ತಲುಪುವಿಕೆಯ ಖಾತರಿಗಾಗಿ ಪುನರಾವರ್ತನೆ...”

“ಇದು ಯಾರಿಗೆ ಅರ್ಥ ಆಗ್ತದೆ ಮಾರಾಯ? ಈಗ ಕೇಳಿದ್ದನ್ನು ಹೇಳು.”

ಅಲ್ವಿನ್ ಹೇಳುತ್ತಾರೆ, ಸುಮಿತ್ರ ಬರೆಯುತ್ತಾರೆ. ಇಂಗ್ಲಿಷಿನ ಆ ಸಾಲುಗಳ ಕನ್ನಡ ಹೀಗೆ: ‘ಎರಡನೆಯದನ್ನು ಅಳಿಸಬೇಡಿ. ಅಲೆ ದಾಟುವಾಗ ಫೋನು ಡಬ್ಬಿಯಲ್ಲಿರುತ್ತದೆ, ಮೊದಲನೆಯದು ಕೇಳಿಸದಿರಬಹುದು. ಬದಲಿಸುವ ಮುಂಚೆ ದಂಡೆಯಲ್ಲಿ ವಿಚಾರಿಸಿ.’ ಅಳಿಸಿದ್ದನ್ನು ಅಲ್ವಿನ್ ಅಲ್ಲೇ ಮರಳಿ ಸೇರಿಸುತ್ತಾರೆ.

ಜೋಸೆಫ್ ಚೇಟ್ಟನ ದೋಣಿ ಅಲೆ ದಾಟಿದೆ.

“ಇದರ ಕೆಳಗೆ ನಿಮ್ಮ ಹೆಸರು ಹಾಕ್ಲಾ, ಸುಮಿತ್ರಕ್ಕ?”

“ನನ್ನ ಹೆಸರು ಎಂತಕ್ಕೆ? ಮುಂದೆ ಅಳಿಸ್ಲಿಕ್ಕೆ ಬಂದವ ಇದನ್ನು ಓದಿ ಒಮ್ಮೆ ಕೈ ತಡೆದರೆ ಸಾಕು.”