ಹೊಸ ಮಿಸ್

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಆ ಕ್ಲಬ್ಬನ್ನು ವಹಿಸಿಕೊಂಡು ಎರಡು ವರ್ಷವಾದರೂ ಅವರಿನ್ನೂ ಹೊಸ ಮಿಸ್ಸೇ. ಮೊಣಕಾಲು ತರಚಿದರೂ, ನೀರಿನ ಬಾಟಲಿ ಅದಲುಬದಲಾದರೂ ತಾಯಂದಿರು ಬಾಗಿಲಲ್ಲೇ ನಿಂತು, "ಹಳೇ ಮಿಸ್ ಇದ್ದಾಗ ಹೀಗೆಲ್ಲ ಆಗ್ತಿರ್ಲಿಲ್ಲಪ್ಪ" ಅನ್ನುತ್ತಾರೆ. "ಇನ್ಮೇಲೆ ನೋಡ್ಕೋತೀನಿ ಅಕ್ಕ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ, ಬಸ್ಸಿನಲ್ಲಿ ತಮ್ಮ ಕಾಲು ತುಳಿದವರಿಗೂ ಹೊಸ ಮಿಸ್ ಹಾಗೆಯೇ ಅಂದುಬಿಡುತ್ತಾರೆ. ಇನ್ನೊಂದು ದೂರು ಬಂದರೆ ಬೇರೆಯವರನ್ನು ನೋಡುತ್ತೇವೆಂದು ಮುಖ್ಯೋಪಾಧ್ಯಾಯರು ಹೇಳಿದ ಮೇಲಂತೂ, ಮಕ್ಕಳು ಒಳಗೆ ನುಗ್ಗಿದಾಗ ತಲೆ ಎಣಿಸುತ್ತಾರೆ, ಕೈ ತೊಳೆಸಿ ಎಣಿಸುತ್ತಾರೆ, ಸೀನಿದರೂ ಎಣಿಸುತ್ತಾರೆ. ಕರೆದೊಯ್ಯಲು ಬಂದವರು ಪುಸ್ತಕದಲ್ಲಿ ಸಹಿ ಹಾಕದೆ ಮಗುವನ್ನು ಬಿಟ್ಟುಕೊಡುವುದಿಲ್ಲ. "ಮೊದ್ಲು ಸಹಿ ಹಾಕಿ ತಾತ, ಆಮೇಲೆ ಮುದ್ದಾಡಿ." ಹೋದ ವಾರ ಒಂದು ಸಂಜೆ ಇಪ್ಪತ್ತಾರು ಮಕ್ಕಳಿಗೂ ಸಹಿ ಬಿದ್ದಿತ್ತು, ಒಂದೂ ದೂರಿರಲಿಲ್ಲ. ಅಂಥ ದಿನ ಬಂದದ್ದು ಅದೇ ಮೊದಲು. ಹಗುರ ಮನಸ್ಸಿನಿಂದ ಬೀಗ ಹಾಕಿ ಬಸ್ ನಿಲ್ದಾಣಕ್ಕೆ ಬಂದು, ಕೈ ಹಿಡಿಯಲು ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ದಿನವೂ ಅಲ್ಲೇ ಇರುವ, ಯಾರ ಸಹಿಯೂ ಬೇಡದ ಕಾರಣ ಪುಸ್ತಕದಲ್ಲಿ ಹೆಸರೇ ಇಲ್ಲದ ಇಪ್ಪತ್ತೇಳನೆಯ ಮಗು, ಅವರ ಸ್ವಂತ ಮಗಳು, ಒಳಗೇ ಉಳಿದಿದ್ದಳು. ಓಡಿಹೋಗಿ ಬಾಗಿಲು ತೆರೆದರೆ ಏಳು ವರ್ಷದ ಹುಡುಗಿ ಚೀಲ ಬೆನ್ನಿಗೇರಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ತಾಯಿ ಬಾಚಿ ತಬ್ಬಿಕೊಂಡಾಗ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ನಾನು ಯಾರಿಗೂ ಹೇಳಲ್ಲಮ್ಮ. ಹೇಳಿದ್ರೆ ನಿನ್ನ ತೆಗೆದುಹಾಕ್ತಾರೆ."