ಬೇವಿನ ಮರದ ಕೆಳಗಿನ ಹಳದಿ ಕಲ್ಲು

ನಡೆಯಿರಿ ಎಂದು ಡಾಕ್ಟರು ಹೇಳಿದಾಗ ನನಗೆ ಸಿಟ್ಟು ಬಂತು. ಮೂವತ್ತನಾಲ್ಕು ವರ್ಷ ಸವದತ್ತಿ, ಬೈಲಹೊಂಗಲ ಸೀಮೆಯ ಹಳ್ಳಿಗಳಲ್ಲಿ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿದ ನರ್ಸು ನಾನು. ದೊಡವಾಡದ ಎರೆಮಣ್ಣಿನಲ್ಲಿ ಚಪ್ಪಲಿ ಸಿಕ್ಕಿಕೊಂಡು ಬರಿಗಾಲಲ್ಲಿ ಬಸ್ ಹತ್ತಿದ್ದು ಒಂದೆರಡು ಸಲವಲ್ಲ. ನಿವೃತ್ತಿಯಾಗಿ ಎರಡು ವರ್ಷ ಕುರ್ಚಿಯಲ್ಲಿ ಕೂತೆ, ಅಷ್ಟಕ್ಕೇ ಸಕ್ಕರೆ ಕಾಯಿಲೆ ಬಂತು. ಈಗ ನನ್ನ ಮಗನ ವಯಸ್ಸಿನ ಡಾಕ್ಟರು ನನಗೆ ನಡಿಗೆಯ ಪಾಠ ಹೇಳುತ್ತಾರೆ. “ಎಲ್ಲಿ ನಡೀಲಿ ಸರ್, ಕಬ್ಬಿನ ಟ್ರ್ಯಾಕ್ಟರಿನ ಅಡ್ಯಾಗೇನು?” ಎಂದು ಕೇಳಿ ಎದ್ದು ಬಂದೆ.

ದಾರಿ ಹೇಳಿದವಳು ನಮ್ಮ ಪಕ್ಕದ ಮನೆಯ ಮಾಲಾ. “ಅಕ್ಕಾರ, ಉಗರಗೋಳದಾಗ ಒಬ್ಬಾಂವ ಫಾರೆಸ್ಟಿನಾಂವ ಅದಾನ. ರವಿವಾರಕ್ಕೊಮ್ಮೆ ಮಂದೀನ ಕರಕೊಂಡು ಅಡವ್ಯಾಗಿಂದ ಹೂಲಿ ತನಕ ನಡಸ್ತಾನಂತ. ಏರಿಲ್ಲ, ಇಳಕಲಿಲ್ಲ. ಹೋಗೂಣು ಬರ್ರಿ.”

ಮಹಮ್ಮದಗೌಸನನ್ನು ನಾನು ಕಂಡದ್ದು ಹಾಗೆ. ಐವತ್ತಾರು ವರ್ಷ, ತೊಳೆದು ತೊಳೆದು ಬಣ್ಣ ಹೋದ ಖಾಕಿ ಅಂಗಿ, ಕೈಯಲ್ಲಿ ಎದೆಯೆತ್ತರದ ಬಿದಿರಿನ ಬಡಿಗೆ. ಇಪ್ಪತ್ತಮೂರು ವರ್ಷದಿಂದ ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ. ಅವನ ಕಾಡೆಂದರೆ ಜಾಲಿ, ಕಾರಿ, ಬಾರಿ, ಕವಳಿಯ ಕಂಟಿಗಳು, ಅಲ್ಲೊಂದು ಇಲ್ಲೊಂದು ಬೇವು.

“ಇದನ್ನ ಅಡವಿ ಅಂತೀಯೇನೋ ತಮ್ಮಾ? ನಮ್ಮ ಹಿತ್ತಲ ಇದಕ್ಕಿಂತ ದಟ್ಟ ಐತಿ” ಎಂದೆ.

ಅವನಿಗೆ ಬೇಸರವಾಗಲಿಲ್ಲ. “ಸಾವಕಾಶ ನಡೀರಿ ನರ್ಸಬಾಯಾರ. ಗಡಿಬಿಡಿ ಮಾಡಿದ್ರ ಅದು ಏನೂ ತೋರಸೂದಿಲ್ಲ.”

ಗಡಿಬಿಡಿ ನನ್ನ ಹುಟ್ಟುಗುಣ. ಆದರೂ ಆ ದಿನ ಅವನ ಹಿಂದೆ ನಡೆದೆ. ಒಂದು ಕಡೆ ಬಡಿಗೆ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿದ. ಕೌಜುಗದ ಹಕ್ಕಿಯೊಂದು ಆರು ಮರಿಗಳನ್ನು ದಾರಿ ದಾಟಿಸುತ್ತಿತ್ತು. ಕೊನೆಯ ಮರಿ ಒಂದು ಕಲ್ಲೇರಿ ಇಳಿಯಲಾರದೆ ಕೂತಿತು, ನಾವು ಹತ್ತು ಮಂದಿ ಉಸಿರು ಬಿಗಿಹಿಡಿದು ನಿಂತೆವು. ಒಂದೂವರೆ ತಾಸಿಗೆ ಹೂಲಿಯ ಹಳೇ ಗುಡಿಗಳು ಬಂದವು. ಗೌಸನ ಹೆಂಡತಿ ಖೈರುನಬಿ ಬಸ್ಸಿನಲ್ಲಿ ಬಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಗಡಿಗೆ ಇಟ್ಟುಕೊಂಡು ಕಾದಿದ್ದಳು. ಪಂಚಲಿಂಗೇಶ್ವರ ಗುಡಿಯ ಹೊರಗಿನ ತಂಪು ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತು ನಾನು ಮೂರು ರೊಟ್ಟಿ ತಿಂದೆ. ಡಾಕ್ಟರಿಗೆ ಎರಡು ಎಂದು ಹೇಳಿದೆ.

ಗೌಸನಿಗೆ ಈ ನಡಿಗೆ ಯಾಕೆ ಬೇಕಿತ್ತು ಎಂಬುದು ಗೊತ್ತಾಗಲು ನಾಲ್ಕು ರವಿವಾರ ಹಿಡಿಯಿತು. ಅವನು ತಾನಾಗಿ ಹೇಳುವವನಲ್ಲ, ಖೈರುನಬಿ ಹೇಳಿದಳು. ಕಟ್ಟಿಗೆ ತರುವವರನ್ನು, ಆಡು ಮೇಯಿಸುವವರನ್ನು ಇಪ್ಪತ್ತಮೂರು ವರ್ಷ ಅಟ್ಟಿದ್ದೇ ಅಟ್ಟಿದ್ದು. ಊರಲ್ಲಿ ಅವನ ಹೆಸರು ಬಡಿಗಿ ಗೌಸ್ಯಾ. ಅವನು ಚಹಾದ ಅಂಗಡಿಗೆ ಕಾಲಿಟ್ಟರೆ ಕೂತವರ ಮಾತು ನಿಲ್ಲುತ್ತಿತ್ತು. ಮದುವೆಗೆ ಕರೆಯುತ್ತಿದ್ದರು, ಪಕ್ಕದಲ್ಲಿ ಯಾರೂ ಕೂಡುತ್ತಿರಲಿಲ್ಲ.

“ಅಡವಿ ಒಳಗಿಂದ ಮಂದೀನ ಹೊರಗ ಹಾಕೂದರಾಗ ನನ್ನ ಹರೇ ಮುಗೀತ್ರಿ ಬಾಯಾರ” ಎಂದು ಕೊನೆಗೆ ಅವನೇ ಅಂದ. “ಹೋಗೂದ್ರೊಳಗ ನಾಕು ಮಂದೀನ ಒಳಗ ಕರೀಬೇಕು ಅನಸ್ತು.”

ಅರಣ್ಯ ಇಲಾಖೆಯ ಸಾಹೇಬರ ಬೆನ್ನು ಹತ್ತಿ ಈ ನಡಿಗೆಗೆ ಯುಗಾದಿಯ ತನಕ ಒಪ್ಪಿಗೆ ಪಡೆದಿದ್ದ. ತಕರಾರು ಬರದಿದ್ದರೆ ಮುಂದುವರಿಸುವುದು, ಬಂದರೆ ಬಂದ್. ಬಂದ್ ಆದರೆ ಅವನಿಗೆ ಮತ್ತೆ ಅದೇ ಬಡಿಗೆ, ಅದೇ ಚಹಾದ ಅಂಗಡಿ.

ಇನ್ನು ಕಲ್ಲಿನ ವಿಷಯ. ದೀಪಾವಳಿಯಾದ ಮೇಲೆ ಗೌಸ ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಬಾಣದ ಗುರುತು ಬರೆದ. ಆಫೀಸಿನ ಗೇಟಿಗೆ ಹಚ್ಚಿ ಉಳಿದಿದ್ದ ಹಳದಿ ಬಣ್ಣ ಇತ್ತು, ಒಣಹುಲ್ಲಿನಲ್ಲಿ ದೂರಕ್ಕೆ ಕಾಣುತ್ತದೆ ಎಂದು ಅದನ್ನೇ ಬಳಿದ. ಉಗರಗೋಳದಲ್ಲಿ ಹುಟ್ಟಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ಹಣೆಯ ಮೇಲಿನ ಭಂಡಾರದ ಅರಿಶಿನ ನೋಡುತ್ತಲೇ ಬೆಳೆದವನಿಗೆ ಇಷ್ಟು ತಿಳಿಯಬಾರದೇ? ಬೇರೆ ಕಲ್ಲುಗಳಿಗೆ ಏನೂ ಆಗಲಿಲ್ಲ. ದಾರಿ ಎರಡಾಗಿ ಒಡೆಯುವ ಜಾಗದಲ್ಲಿ, ಬೇವಿನ ಮರದ ಬುಡದಲ್ಲಿ ಒಂದು ಕಲ್ಲು ನೆಟ್ಟಗೆ ನಿಂತಿತ್ತು. ನಿಂತ ಕಲ್ಲು, ಮೇಲೆ ಬೇವು, ಮೈಗೆ ಹಳದಿ. ಇನ್ನೇನು ಬೇಕು? ಒಂದು ತಿಂಗಳಲ್ಲಿ ಅದರ ಮೇಲೆ ಬೊಗಸೆಗಟ್ಟಲೆ ಭಂಡಾರ, ಬುಡದಲ್ಲಿ ಹಸಿರು ಬಳೆ, ಒಂದು ಮಣ್ಣಿನ ಹಣತೆ. ಬಾಣ ಅಡಗಿಹೋಯಿತು. ಪಕ್ಕದ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಇನ್ನೊಂದು ಬಾಣ ಬರೆದ. ಅದು ವಿಭೂತಿಯಾಯಿತು, ಬಾಣ ಮುಚ್ಚುವಷ್ಟು ವಿಭೂತಿ ಬಿತ್ತು, ಅದಕ್ಕೂ ಊದಿನಕಡ್ಡಿ ಬಂತು.

ದಾರಿ ತಪ್ಪಿದವಳು ನಾನೇ. ಬೇರೆ ಯಾರ ಮೇಲೂ ಹಾಕುವಂತಿಲ್ಲ. ಜನವರಿಯ ಕೊನೆಯ ರವಿವಾರ ಗೌಸ ಯಾರಿಗೋ ಮುಳ್ಳು ತೆಗೆಯುತ್ತಾ ಕೂತ. “ಬಾಣ ಅದಾವಲ್ಲ, ನಾವು ಮುಂದ ಹೊಂಟೇವಿ” ಎಂದು ಮಾಲಾಳನ್ನು ಎಳೆದುಕೊಂಡು ಹೊರಟೆ. ಅಲ್ಲಿಯ ತನಕ ಗೌಸನ ಬೆನ್ನು ನೋಡಿಯೇ ನಡೆದವಳು ನಾನು, ದಾರಿ ನೋಡಿದ್ದೇ ಇಲ್ಲ. ಬೇವಿನ ಮರದ ಹತ್ತಿರ ಬಾಣ ಕಾಣಲಿಲ್ಲ, ಯಾವುದೋ ದೇವರು ಎಂದು ಕೈಮುಗಿದು ಎಡಕ್ಕೆ ತಿರುಗಿದೆ. ಎಡದ ದಾರಿ ಹೋಗುವುದು ಹಾಳುಬಿದ್ದ ಕಲ್ಲಿನ ಖಣಿಗೆ. ಎರಡು ತಾಸು ಬಿಸಿಲಲ್ಲಿ ಅಲೆದು, ಸಕ್ಕರೆ ಇಳಿದು, ಕಣ್ಣು ಕತ್ತಲೆ ಬಂದು ಕೂತಾಗ ಗೌಸ ಓಡುತ್ತಾ ಬಂದು ಬಾಯಿಗೆ ಬೆಲ್ಲದ ಹೆಂಟೆ ಹಾಕಿದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಾಲಾ ಅದನ್ನೆಲ್ಲ ವಾಟ್ಸಾಪಿಗೆ ಹಾಕಿದಳು. ಪುಣ್ಯಾತ್ಗಿತ್ತಿ, ಖಣಿಯ ಫೋಟೋ ಸಮೇತ! ಮರುದಿನ ಬೆಳಿಗ್ಗೆಯೇ ಸಾಹೇಬರು ಗೌಸನನ್ನು ಕರೆಸಿದರು. ಒಬ್ಬರು ದಾರಿ ತಪ್ಪಿದ್ದಾರೆ, ಅಲ್ಲಿ ಒಣಹುಲ್ಲಿನ ನಡುವೆ ಯಾರೋ ದೀಪ ಹಚ್ಚುತ್ತಾರೆ. ಬರುವ ರವಿವಾರ ನಾನೇ ಬಂದು ನಡೆಯುತ್ತೇನೆ, ಬಾಣ ಕಾಣದಿದ್ದರೆ, ದೀಪ ಅಲ್ಲೇ ಇದ್ದರೆ ಅವತ್ತೇ ಮುಗಿಯಿತು ಎಂದರು.

“ಒಂದು ಕೊಡ ನೀರು ಹಾಕಿ ಕಲ್ಲು ತೊಳದ್ರ ಆತಲ್ಲೋ?” ಎಂದು ಗೌಸನಿಗೆ ಅಂದೆ.

“ನಾ ಮುಟ್ಟೂದಿಲ್ರಿ ಬಾಯಾರ. ಬಾಣ ಇದ್ದಾಗ ಅದು ನನ್ನ ಕಲ್ಲು. ಈಗ ಅಲ್ಲ.”

“ಹಂಗಾರ ನಾ ತೊಳೀತೇನಿ!” ಎಂದು ಹೋದೆ. ಸಾವಿರಾರು ಕೂಸುಗಳಿಗೆ ಸೂಜಿ ಚುಚ್ಚಿದ ಕೈ ಇದು. ಒದ್ದೆ ಬಟ್ಟೆ ಹಿಡಿದುಕೊಂಡು ಆ ಕಲ್ಲಿನ ಮುಂದೆ ಸುಮ್ಮನೆ ನಿಂತು, ಕೈಮುಗಿದು ಹಾಗೇ ಮರಳಿ ಬಂದೆ.

ಪೂಜೆ ಮಾಡುವವರು ಯಾರು ಎಂಬುದು ಗೌಸನಿಗೆ ಮೊದಲಿನಿಂದ ಗೊತ್ತಿತ್ತು. ಉಗರಗೋಳದ ಶಟ್ಟೆವ್ವ. ಎಪ್ಪತ್ತೈದು ದಾಟಿದವಳು. ಹನ್ನೊಂದು ವರ್ಷದ ಹಿಂದೆ ಹಸಿ ಬೇವು ಕಡಿಯುತ್ತಿದ್ದ ಅವಳ ಕೈಯಿಂದ ಗೌಸ ಕೊಡಲಿ ಕಸಿದುಕೊಂಡಿದ್ದ. ಅದು ಸತ್ತ ಗಂಡನ ಕೊಡಲಿ. “ನಿನ್ನ ಬಡಿಗಿಗೆ ಹುಳಾ ಹತ್ತಲಿ” ಎಂದು ಮಣ್ಣು ತೂರಿ ಹೋದವಳು ಮತ್ತೆ ಅವನ ಜೊತೆ ಮಾತಾಡಿರಲಿಲ್ಲ. ಕೊಡಲಿ ಅವತ್ತೇ ಆಫೀಸಿಗೆ ಹೋಗಿ ಅಲ್ಲಿಂದ ಎಲ್ಲಿಗೋ ಹೋಯಿತು.

ಮಂಗಳವಾರ ಬೆಳಿಗ್ಗೆ ನಾನೂ ಗೌಸನೂ ಬೇವಿನ ಮರದ ಹತ್ತಿರ ಕಾದೆವು. ಶಟ್ಟೆವ್ವ ಕೋಲೂರುತ್ತಾ ಬಂದಳು. ಗೌಸನನ್ನು ನೋಡಿ ಮುಖ ತಿರುಗಿಸಿ ನನ್ನ ಜೊತೆ ಮಾತಾಡಿದಳು.

“ಹುಣ್ಣಿವಿಗೊಮ್ಮೆ ಬರಿಗಾಲಿಲೆ ಎಲ್ಲಮ್ಮನ ಗುಡ್ಡಾ ಏರತಿದ್ನೆವಾ. ಮೊಣಕಾಲು ಹ್ವಾದುವು. ಬಸ್ಸಿನ್ಯಾಗ ಹೋಗು ಅಂತಾರ. ಕುಂತು ಹೋದ್ರ ಅದೇನು ಹೋದಂಗ? ಸಪಾಟ ನೆಲಾ ಅಂತ ಇಲ್ಲಿ ಅಡ್ಡಾಡಾಕ ಬಂದೆ. ನೋಡ್ತೇನಿ, ಈಕಿ ನಿಂತಾಳ! ಮೈತುಂಬ ಭಂಡಾರ. ನೀ ಏರಾಕ ಆಗೂದಿಲ್ಲಂತ ನಾನ ಇಳದು ಬಂದೇನಿ ಅಂದಂಗಾತು.”

ಏನಾದರೂ ಸುಳ್ಳು ಹೇಳಿ ದೀಪವನ್ನಷ್ಟೇ ತೆಗೆಸೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಗೌಸ ಬಡಿಗೆ ಕೆಳಗಿಟ್ಟು ಅವಳ ಎದುರು ಕುಕ್ಕರುಗಾಲಲ್ಲಿ ಕೂತ.

“ಆಯೀ, ಅದು ಭಂಡಾರ ಆಗಿದ್ದಿಲ್ಲ. ನಾ ಹಚ್ಚಿದ ಬಣ್ಣ. ಹೂಲಿ ಕಡೆ ಹೋಗೂ ಮಂದಿಗೆ ದಾರಿ ತೋರಸಾಕ ಬಲಕ್ಕ ಬಾಣ ಬರದಿದ್ದೆ. ದೀಪ ಹಚ್ಚಬ್ಯಾಡ, ಹುಲ್ಲಿಗೆ ಕಿಡಿ ಬಿದ್ರ ಅಡವಿ ಉಳ್ಯಾಂಗಿಲ್ಲ. ಬಾಣ ಕಾಣಲಿಲ್ಲಂದ್ರ ನನ್ನ ದಾರಿ ಮುಚ್ಚತಾರ. ನಾ ಮೊದಲ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ.”

ಶಟ್ಟೆವ್ವ ಅವನನ್ನು ನೋಡಿದಳು, ಕಲ್ಲನ್ನು ನೋಡಿದಳು. ಹಣತೆ ಎತ್ತಿ ಎಣ್ಣೆ ಚೆಲ್ಲಿ ಸೆರಗಿನಲ್ಲಿ ಕಟ್ಟಿಕೊಂಡಳು, ಕೋಲೂರುತ್ತಾ ಬಂದ ದಾರಿಯಲ್ಲೇ ಹೊರಟುಹೋದಳು.

“ಹೇಳಾಕ ನಿನಗೇನು ಅವಸರ ಇತ್ತೋ?” ಎಂದು ಅವನ ಮೇಲೆ ಹಾರಿಬಿದ್ದೆ.

ಅವನು ತಲೆ ಎತ್ತಲಿಲ್ಲ. “ಒಮ್ಮೆ ಅಕಿ ಕೊಡ್ಲಿ ಕಸಗೊಂಡಿದ್ದೆ. ಇವತ್ತ ದೇವರನ್ನೂ ಕಸಗೊಂಡೆ, ಬಾಯಾರ.”

ಆಮೇಲಿನ ನಾಲ್ಕು ದಿನ ಅವನು ಆ ಕಡೆ ಹೋಗಲೇ ಇಲ್ಲ. ಬಣ್ಣದ ಡಬ್ಬಿ ಮುಟ್ಟಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ ಎಂದು ಖೈರುನಬಿ ಫೋನು ಮಾಡಿದಳು. “ಇರೂದೊಂದು ದಾರಿ ಹೋದ್ರ ಹೋಗ್ಲಿ ಅಂತಾರ ಅಕ್ಕಾ. ಹಿಂಗ ಎಂದೂ ಅಂದವರಲ್ಲ.”

ರವಿವಾರ ಬಂತು. ಸಾಹೇಬರು ಹೊಸ ಬೂಟು ಹಾಕಿಕೊಂಡು ಬಂದರು. ರಾಮದುರ್ಗದಿಂದ, ಕಿತ್ತೂರಿನಿಂದ ಬಂದವರು ಸೇರಿ ಹದಿನೈದು ಮಂದಿ. ಗೌಸ ಮುಂದೆ ನಡೆದ. ಹಕ್ಕಿ ತೋರಿಸಲಿಲ್ಲ, ನವಿಲು ಕೂಗಿದರೂ ನಿಲ್ಲಲಿಲ್ಲ. ಬೇವಿನ ಮರ ಹತ್ತಿರವಾದಂತೆ ಅವನ ಹೆಜ್ಜೆ ಸಣ್ಣದಾಯಿತು. ನಾನು ಮನಸ್ಸಿನಲ್ಲೇ ಎಲ್ಲಮ್ಮನಿಗೆ ಒಂದು ಸೀರೆ ಹರಕೆ ಹೊತ್ತೆ.

ಮರದ ಕೆಳಗೆ ಶಟ್ಟೆವ್ವ ಕೂತಿದ್ದಳು. ಕಲ್ಲನ್ನು ತೊಳೆದಿದ್ದಳು. ಸುತ್ತಲಿನ ಹುಲ್ಲನ್ನು ಮಾರುದ್ದ ಕಿತ್ತು ನೆಲ ಸಾರಿಸಿದ್ದಳು. ಹಣತೆ ಇರಲಿಲ್ಲ. ಗೌಸ ಬರೆದಿದ್ದ ಬಾಣದ ಗೆರೆಯ ಮೇಲೆ ಮಾತ್ರ, ಒಂದಿಷ್ಟೂ ಆಚೀಚೆ ಆಗದಂತೆ, ಭಂಡಾರವನ್ನು ನೀರಲ್ಲಿ ಕಲಸಿ ದಪ್ಪಗೆ ತೀಡಿದ್ದಳು. ಅಂಚಿಗೆಲ್ಲ ಕುಂಕುಮದ ಬೊಟ್ಟು. ಬಲಕ್ಕೆ ಚಾಚಿದ ಆ ಬಾಣ ಅಷ್ಟು ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು.

“ಇದನ್ನ ಯಾರು ಬರದ್ರವ್ವಾ?” ಎಂದು ಸಾಹೇಬರು ಕೇಳಿದರು.

“ಹೂಲಿಗೆ ಹೊಂಟೀರಿಲ್ಲ? ಆಕಿ ದಾರಿ ತೋರಸ್ಯಾಳ, ಸುಮ್ಮನ ಬಲಕ್ಕ ಹೋಗ್ರಿ” ಎಂದಳು ಶಟ್ಟೆವ್ವ.

ಸಾಹೇಬರು ನಕ್ಕುಬಿಟ್ಟರು. ಬೂಟು ಬಿಚ್ಚಿ, ಕೈಮುಗಿದು, ಮತ್ತೆ ಬೂಟು ಹಾಕಿಕೊಂಡು ಬಲಕ್ಕೆ ನಡೆದರು. ಜನರೂ ಒಬ್ಬೊಬ್ಬರಾಗಿ ಹೋದರು. ಶಟ್ಟೆವ್ವ ಪ್ರತಿಯೊಬ್ಬರ ಹಣೆಗೂ ಚೂರು ಭಂಡಾರ ಹಚ್ಚಿ ಕಳಿಸಿದಳು. ಕೊನೆಗೆ ಉಳಿದವರು ನಾನು ಮತ್ತು ಗೌಸ. ಅವನು ಕಲ್ಲಿಗಿಂತ ಗಟ್ಟಿಯಾಗಿ ನಿಂತಿದ್ದ.

“ಗೌಸ್ಯಾ” ಎಂದಳು ಅವಳು. ಹನ್ನೊಂದು ವರ್ಷದ ಮೇಲೆ ಅವನ ಹೆಸರು ಅವಳ ಬಾಯಲ್ಲಿ ಬಂತು. “ಬಣ್ಣ ನಿಂದಾದ್ರ ಏನಾತು? ಆಕಿ ಬರೂದು ಯಾರದರ ಕೈಯಾಗಿಂದನ ಬರಬೇಕಲ್ಲ. ಮಂಗಳಾರ, ಶುಕ್ಕರಾರ ನಾ ಬಂದು ತೀಡತೇನಿ. ನೀ ಡಬ್ಬಿ ತರಬ್ಯಾಡ.”

ಅವನ ಕಣ್ಣಲ್ಲಿ ನೀರು ನಿಂತಿತ್ತು. “ಆಯೀ, ಆ ಕೊಡ್ಲಿ...” ಎಂದ.

“ಕೊಡ್ಲಿ ಸುದ್ದಿ ತಗೀಬ್ಯಾಡ, ಸಿಟ್ಟು ಬರತೈತಿ. ಬಡಿಗಿ ತಾ ಇಲ್ಲಿ.”

ಅವನು ಬಡಿಗೆ ಮುಂದೆ ಚಾಚಿದ. ಬಟ್ಟಲಲ್ಲಿ ಉಳಿದಿದ್ದ ಭಂಡಾರವನ್ನೆಲ್ಲ ಬಳಿದು ಅವಳು ಅದರ ಹಿಡಿಗೆ ಹಚ್ಚಿದಳು. “ಹುಳಾ ಹತ್ತಲಿ ಅಂದಿದ್ದೆ ಇದಕ್ಕ. ಹೋಗ್ಲಿ ಬಿಡು, ಹತ್ತೂದು ಬ್ಯಾಡ” ಎಂದಳು.

ನಡಿಗೆ ಯುಗಾದಿಯ ನಂತರವೂ ನಡೆಯಿತು, ಈಗಲೂ ನಡೆಯುತ್ತಿದೆ. ಜೂನಿನ ಮೊದಲ ಮಳೆ ನಮ್ಮನ್ನು ಅರ್ಧ ದಾರಿಯಲ್ಲಿ ಹಿಡಿಯಿತು. ನಾನು ಕೊಡೆ ಬಿಚ್ಚಿ ಗೌಸನ ಕಡೆ ನೋಡುತ್ತೇನೆ, ಅಂಗಿ ಮೈಗೆ ಅಂಟಿದೆ, ಗಡ್ಡದಿಂದ ನೀರು ಸುರಿಯುತ್ತಿದೆ. ತಲೆಗೆ ಹಾಕಿಕೊಳ್ಳಲು ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಬಡಿಗೆಯ ಹಳದಿ ಹಿಡಿಗೆ ಸುತ್ತಿ ದಾರದಿಂದ ಬಿಗಿಯುತ್ತಿದ್ದಾನೆ.

“ತಲಿ ಕೆಟ್ಟೈತೇನೋ ನಿಂದು? ಜ್ವರಾ ಬಂದ್ರ ನಾನ ನೋಡಬೇಕು!” ಎಂದು ಚೀರಿದೆ.

“ಬರ್ರಿ ಬಾಯಾರ” ಎಂದ. ಬಡಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಮುಂದೆ ನಡೆದ.